ಕೂಗುಕುದ್ರು

ಅಳಿವೆಯ ಹತ್ತಿರ, ದೋಣಿ ದಾಟಿಸುವ ಕಡವಿನ ದಡದಿಂದ ಕೂಗಳತೆಯಲ್ಲಿ, ಹೊಳೆಯ ನಡುವೆ ಒಂದು ಮರಳದಿಬ್ಬವಿದೆ. ಮರವಿಲ್ಲ, ಗುಡಿಯಿಲ್ಲ, ಹುಣ್ಣಿಮೆಯ ಭರತದಲ್ಲಿ ಕಡಲನೀರು ಏರಿದರೆ ದಿಬ್ಬವೂ ಇಲ್ಲ. ಇದನ್ನು ಕೂಗುಕುದ್ರು ಎನ್ನುತ್ತಾರೆ. ದಡದಲ್ಲಿ ಪಾಚಿಗಟ್ಟಿದ ನಾಲ್ಕು ಕಲ್ಲುಗಳು ಉಳಿದಿವೆಯಲ್ಲ, ಅಲ್ಲಿ ಹಿಂದೆ ಒಮ್ಮೆ ಪರದೇಶಿ ವರ್ತಕರ ಮೆಣಸಿನ ಕೋಠಿಯಿತ್ತಂತೆ. ಆಗ ಕಡವಿನ ದೋಣಿ ಸೂರ ಮರಕಾಲನದು. ಕಡವಿಗೊಂದು ಕಟ್ಟಳೆಯಿತ್ತು: ಯಾರೇ ಕರೆಯಲಿ, ಮೂರನೆಯ ಕೂಗಿನೊಳಗೆ ಅಂಬಿಗ "ಬಂದೆ" ಎನ್ನಬೇಕು, ಎಂದ ಮೇಲೆ ದೋಣಿ ಬಿಡಲೇಬೇಕು.

ಕೋಠಿಯವರ ನಾಡಿನವನೇ ಆದ ಎಲಿಯಾಸ್ ಪಾದ್ರಿ ಹಡಗಿಳಿದು ಬಂದದ್ದು ಕೋಠಿಯ ದೊರೆಗೆ ತಲೆನೋವಾಯಿತು. ಈತ ಯೇಸುವಿನ ಕಥೆ ಹೇಳುತ್ತ ತಿರುಗಿದರೆ ಮೆಣಸಿನ ಸಾಹುಕಾರರು ಮುನಿದು ಬೇರೆ ಕೋಠಿಯ ದಾರಿ ಹಿಡಿದಾರೆಂಬ ದಿಗಿಲು. ಇಬ್ಬರ ದೇವರೂ ಒಬ್ಬನೇ, ಆದರೆ ವ್ಯಾಪಾರಕ್ಕೆ ದೇವರ ಗೊಡವೆ ಎಲ್ಲಿಯದು? ಪಾದ್ರಿ ಆಚೆ ದಡಕ್ಕೆ ಹೊರಟನೆಂದು ತಿಳಿದಾಗ ದೊರೆ ಸೂರನನ್ನು ಕರೆಸಿ, "ಅವನನ್ನು ನಡುವಿನ ಕುದ್ರುವಿನಲ್ಲಿ ಬಿಟ್ಟು ಬಾ. ಕಾಲು ನೆನೆದರೆ ಬುದ್ಧಿ ಬರುತ್ತದೆ. ಇಲ್ಲದಿದ್ದರೆ ನಾಳೆಯಿಂದ ಕಡವು ಬೇರೆಯವನದು" ಎಂದು ದುಭಾಷಿಯ ಬಾಯಲ್ಲಿ ಹೇಳಿಸಿದ. ಅಂದು ಹುಣ್ಣಿಮೆ, ನೀರು ಆಳೆತ್ತರ ಏರುವ ದಿನವೆಂಬುದು ದೊರೆಗೆ ಹೊಳೆಯಲಿಲ್ಲ. ಸೂರನಿಗೆ ಗೊತ್ತಿತ್ತು. ಹಿಂದಿನ ತಿಂಗಳು ತೊರಕೆ ಮೀನಿನ ಮುಳ್ಳು ಚುಚ್ಚಿ ಅವನ ಕಾಲು ಕೊಳೆತಾಗ ಕೀವು ತೊಳೆದು ಕಟ್ಟು ಕಟ್ಟಿದವನು ಇದೇ ಪಾದ್ರಿ. ಆ ಕಾಲಿನಲ್ಲೇ ನಡೆದು ಹೋಗಿ ಸೂರ ದೋಣಿ ಬಿಚ್ಚಿದ.

"ದೋಣಿಯೊಳ್ಗೆ ನೀರ್ ನುಗ್ತಿತ್ತ್ ಅಯ್ಯಾ. ಇಲ್ಲೇ ಕೂಕಣಿ, ಸಂದ್ ಮುಚ್ಕಂಡ್ ಈಗ ಬತ್ತೆ" ಎಂದು ಕುದ್ರುವಿನಲ್ಲಿ ಇಳಿಸಿದ. ಪಾದ್ರಿ ನಂಬಿ ಕುಳಿತ.

ದಡಕ್ಕೆ ಬಂದ ಸೂರ ದೋಣಿ ಮಗುಚಿ, ಇಲ್ಲದ ಸಂದಿಗೆ ಹತ್ತಿ ತುರುಕಿ ಬಡಿಯತೊಡಗಿದ. ನಡುಹಗಲಿಗೆ ಮೊದಲ ಕೂಗು ಬಂತು, ಊರವರು ಕೂಗುವ ಹಾಗೆಯೇ, "ಓ ಸೂರಾ!" ಅವನು ಬಡಿದ. ಎರಡನೆಯದು ಬಂತು. ಇನ್ನೂ ಜೋರಾಗಿ ಬಡಿದ. ಮೂರನೆಯದಕ್ಕೆ ಕೈ ನಿಂತಿತು, ನಾಲಿಗೆ ಏಳಲಿಲ್ಲ. ಕೊನೆಗೆ ದೋಣಿ ನೀರಿಗೆ ನೂಕಿ, ಎದೆಯೊಡೆಯುವಂತೆ ಹುಟ್ಟು ಹಾಕಿ ಹೋದಾಗ ಅಲ್ಲಿ ಕುದ್ರು ಇರಲಿಲ್ಲ.

ಕಡವು ಸೂರನಿಗೇ ಉಳಿಯಿತು. ಅದೇ ಅವನನ್ನು ಸುಟ್ಟಿತು. ಸಾಯುವವರೆಗೂ ಪ್ರತಿ ಹುಣ್ಣಿಮೆಯ ಭರತದಲ್ಲಿ ಒಬ್ಬನೇ ದೋಣಿ ಬಿಟ್ಟು, ಆ ಜಾಗದಲ್ಲಿ ನಿಂತು "ಬಂದೆ" ಎಂದು ಕೂಗುತ್ತಿದ್ದನಂತೆ. "ಯಾರ್ ಕರೆದ್ರ್?" ಎಂದು ಹೆಂಡತಿ ಕೇಳಿದರೆ, "ಕರೆದಾಯ್ತ್. ನಾನೇ ಹೋಯ್ಲಿಲ್ಲ" ಎನ್ನುತ್ತಿದ್ದ.

ಈಗ ಯಂತ್ರದ ದೋಣಿಗಳು ಬಂದಿವೆ. ಆದರೂ ಹುಣ್ಣಿಮೆಯಂದು ಕುದ್ರು ಮುಳುಗಿದ ಜಾಗ ಬಂದಾಗ ಅಂಬಿಗರು ಯಂತ್ರ ನಿಲ್ಲಿಸಿ, ಬರಿಯ ನೀರಿಗೆ "ಬಂದೆ" ಎನ್ನುತ್ತಾರೆ. ದೋಣಿಯಲ್ಲಿರುವ ಹೊಸಬರು, ಕರೆದವರು ಯಾರೆಂದು ಸುತ್ತಲೂ ನೋಡುತ್ತಾರೆ.