ಪಾಚಣ್ಣ ಹೊಗಳಿದ ಪೊಟರೆ

ಮಕ್ಕಳೇ, ಒಂದು ಕಾಡಿನ ನಟ್ಟನಡುವೆ ನಾಲ್ಕು ಕಾಲುದಾರಿಗಳು ಬಂದು ಕೂಡುತ್ತಿದ್ದವು. ಅಲ್ಲೊಂದು ದೊಡ್ಡ ಆಲದ ಮರ. ಅದರ ಕೆಳಗಿನ ಕೊಂಬೆಯ ಮೇಲೆ ಗೌರವ್ವ ಎಂಬ ಗೊರವಂಕ ಹಕ್ಕಿ ಕೂತಿರುತ್ತಿದ್ದಳು. ಹಣ್ಣೆಲ್ಲಿ, ನೀರೆಲ್ಲಿ, ಗೂಡಿಗೆ ಜಾಗ ಎಲ್ಲಿ ಎಂದು ಯಾರು ಕೇಳಿದರೂ ಥಟ್ಟನೆ ಹೇಳುತ್ತಿದ್ದಳು. ಆದರೆ ಅವಳು ಕೊಂಬೆ ಬಿಟ್ಟು ಕದಲುವವಳಲ್ಲ. ಯಾವ ಮಾತು ಕಿವಿಗೆ ಹೆಚ್ಚು ಸಲ ಬೀಳುತ್ತದೋ ಅದನ್ನೇ ಹೇಳಿಬಿಡುವುದು ಅವಳ ರೂಢಿ.

ಇದನ್ನು ಚೆನ್ನಾಗಿ ಅರಿತವನು ಪಾಚಣ್ಣ ಎಂಬ ಗಿಳಿ. ಮನಸ್ಸು ಒಳ್ಳೆಯದೇ, ಆದರೆ ಸೀಬೆಹಣ್ಣು ಕಂಡರೆ ಮೈಮರೆಯುತ್ತಿದ್ದ.

ಒಂದು ದಿನ ಮರಕುಟಿಗ ಕುಟುಕಪ್ಪ ಅವನ ಹತ್ತಿರ ಬಂದ. "ಪಾಚಣ್ಣ, ಹಳೇ ಬೂರುಗದ ಮರದಲ್ಲಿ ಸಾಲಾಗಿ ಪೊಟರೆ ಕೊರೆದಿದ್ದೀನಿ. ಇರೋಕೆ ಬಂದವರು ನನಗೆ ಹುಳ ತಂದುಕೊಡಬೇಕು. ನೀನು ಹೊಗಳಿ ಕಳಿಸಿದ ಒಬ್ಬೊಬ್ಬರಿಗೂ ನಿನಗೊಂದು ಸೀಬೆಹಣ್ಣು!"

"ಮರ ಗಟ್ಟಿಯಾಗಿದೆಯಾ?"

"ಹಣ್ಣು ಸಿಹಿಯಾಗಿದೆ," ಎಂದ ಕುಟುಕಪ್ಪ.

ಪಾಚಣ್ಣ ಮತ್ತೇನೂ ಕೇಳಲಿಲ್ಲ.

ಮರುದಿನದಿಂದ ಆಲದ ಮರದಲ್ಲಿ ಒಂದೇ ಗದ್ದಲ. "ಕಾಡಿನ ಹತ್ತು ಅತ್ಯುತ್ತಮ ಪೊಟರೆಗಳು!" ಎಂದು ಪಾಚಣ್ಣ ಕೂಗಿದ. ಹತ್ತೂ ಅದೇ ಬೂರುಗದ ಮರದವು! ಆಮೇಲೆ ಇನ್ನೊಂದು ಕೊಂಬೆಗೆ ಹಾರಿ, ಎಲೆ ಮರೆಯಲ್ಲಿ ಕೂತು, ಅಜ್ಜಿಯ ದನಿ ಮಾಡಿದ: "ನನ್ನ ಮರಿಗಳೆಲ್ಲ ಅಲ್ಲೇ ಬೆಳೆದವು ಕಣ್ರೀ!"

ಅಳಿಲೊಂದು ಬಂದು ವಿಚಾರಿಸಿತು. "ಅಲ್ಲಿ ಇರುವೆ ಕಾಟ ಇಲ್ಲ ತಾನೇ?"

"ಕಾಟವೇ? ಇರುವೆಗಳೂ ಮೆಚ್ಚಿಕೊಂಡಿವೆ!" ಎಂದ ಪಾಚಣ್ಣ. ಅಳಿಲು ಸಂತೋಷದಿಂದ ಹೋಯಿತು. ಸೀಬೆಹಣ್ಣು ಬಂತು. ಗೌರವ್ವನೂ ಈಗ ಯಾರು ಕೇಳಿದರೂ "ಬೂರುಗದ ಮರ, ಬೂರುಗದ ಮರ" ಎನ್ನತೊಡಗಿದಳು.

ಒಂದು ಮಧ್ಯಾಹ್ನ ಪಾಚಣ್ಣ ಹೊಟ್ಟೆ ತುಂಬಿಸಿಕೊಂಡು ಬಂದಾಗ ಗೌರವ್ವ ಹೇಳಿದಳು: "ಹೊಳೆಯಾಚೆಯಿಂದ ನಿನ್ನ ತಂಗಿ ಚಿಗುರಿ ಬಂದಿದ್ದಳಪ್ಪ. ಮೊಟ್ಟೆ ಇಡೋಕೆ ಜಾಗ ಬೇಕಂತೆ. ಬೂರುಗದ ಮರಕ್ಕೆ ಕಳಿಸಿದೆ."

ತಾನು ಆ ಮರವನ್ನು ಒಮ್ಮೆಯೂ ನೋಡಿಲ್ಲ ಎಂಬುದು ಪಾಚಣ್ಣನಿಗೆ ಆಗ ನೆನಪಾಯಿತು. ರೆಕ್ಕೆ ಬಡಿಯುತ್ತಾ ಹಾರಿದ. ಹೋಗಿ ಕೊಕ್ಕಿನಿಂದ ಕುಕ್ಕಿದರೆ ಕೊಳೆತ ಮರದ ಪುಡಿ ಹಿಟ್ಟಿನ ಹಾಗೆ ಉದುರಿತು. ಅಷ್ಟರಲ್ಲಿ ಜೋರು ಗಾಳಿ ಎದ್ದಿತು.

"ಚಿಗುರಿ! ಬೇಗ ಹೊರಗೆ ಬಾ! ಎಲ್ಲರೂ ಬನ್ನಿ!"

ಚಿಗುರಿ ಪೊಟರೆಯಿಂದ ತಲೆ ಹೊರಗೆ ಹಾಕಿದಳು. "ಯಾಕಣ್ಣ? ಇದನ್ನ ನೀನೇ ಹೊಗಳಿದ್ದು ಅಂತ ದಾರೀಲಿ ಹೇಳಿದರು. ಅಣ್ಣನೇ ಹೇಳಿದ ಮೇಲೆ ಪರೀಕ್ಷೆ ಏನು ಮಾಡೋದು ಅಂತ ಬಂದುಬಿಟ್ಟೆ."

"ನಾನು ನೋಡೇ ಇರಲಿಲ್ಲ ಕಣೇ! ಬಾ!"

ಅವಳು ಹಾರಿದಳು, ಅಳಿಲು ಜಿಗಿಯಿತು, ಉಳಿದವರೂ ದಡಬಡ ಹೊರಬಿದ್ದರು. ಲಟಕ್! ಮರ ಮುರಿದು ನೆಲಕ್ಕೆ ಬಿತ್ತು. ಕುಟುಕಪ್ಪ ಯಾರಿಗೂ ಮುಖ ತೋರಿಸದೆ ಕಾಡಿನಾಚೆ ಪರಾರಿಯಾದ.

ಅಳಿಲು ಮೈ ಕೊಡವಿಕೊಂಡು, "ಇರುವೆಗಳಿಗೂ ಈಗ ಮನೆ ಇಲ್ಲ, ಪಾಚಣ್ಣ," ಎಂದಿತು. ಎಲ್ಲರೂ ನಕ್ಕರು. ಪಾಚಣ್ಣ ಮಾತ್ರ ತಲೆ ಎತ್ತಲಿಲ್ಲ.

"ನಿನ್ನ ಮೇಲೆ ಕೋಪವಿಲ್ಲ ಅಣ್ಣ," ಎಂದಳು ಚಿಗುರಿ. "ಆದರೆ ಮೊಟ್ಟೆ ಇಡೋ ದಿನ ಹತ್ತಿರ ಬಂತು. ಈಗ ಎಲ್ಲಿಗೆ ಹೋಗಲಿ?"

ಪಾಚಣ್ಣ ಅಂದು ಕಾಡೆಲ್ಲ ಅಲೆದ. ಕಂಡ ಪೊಟರೆಗಳಿಗೆಲ್ಲ ತಾನೇ ನುಗ್ಗಿದ. ಒಂದರಲ್ಲಿ ಇರುವೆ ಕಚ್ಚಿದವು, ಇನ್ನೊಂದರಲ್ಲಿ ತಲೆ ಸಿಕ್ಕಿಕೊಂಡಿತು. ಕೊನೆಗೆ ಹಳೆಯ ಮಾವಿನ ಮರದಲ್ಲೊಂದು ಗಟ್ಟಿಯಾದ, ಒಣಗಿದ ಪೊಟರೆ ಸಿಕ್ಕಿತು. ಕುಕ್ಕಿ ನೋಡಿದ, ಒಳಗೆ ಮಲಗಿ ನೋಡಿದ, ಆಮೇಲೆಯೇ ತಂಗಿಯನ್ನು ಕರೆದ. ಮಿಕ್ಕವರಿಗೂ ಹಾಗೆಯೇ ಒಂದೊಂದು ಜಾಗ ಹುಡುಕಿಕೊಟ್ಟ.

ಗೌರವ್ವನೂ ಬದಲಾದಳು. ಯಾರಾದರೂ ಏನನ್ನಾದರೂ ಹೊಗಳಲು ಬಂದರೆ, "ನೀವು ಅಲ್ಲಿ ಇದ್ದು ನೋಡಿದ್ದೀರಾ?" ಎಂದು ಮೊದಲು ಕೇಳುತ್ತಿದ್ದಳು. ಅರ್ಧಕ್ಕರ್ಧ ಮಂದಿ ಅಲ್ಲಿಂದಲೇ ಹಿಂದಿರುಗುತ್ತಿದ್ದರು.

ಕೆಲವು ವಾರಗಳ ಮೇಲೆ ಮಾವಿನ ಮರದಿಂದ ಪುಟ್ಟ ಮರಿಗಳ ಕಿಚಿಕಿಚಿ ಕೇಳಿಸಿತು. ಸೋದರಮಾವ ಬಾಗಿಲಲ್ಲೇ ಕಾವಲು ಕೂತಿದ್ದ.

ನೀತಿ: ಕಣ್ಣಾರೆ ನೋಡದ್ದನ್ನು ಲಾಭಕ್ಕಾಗಿ ಹೊಗಳಬಾರದು, ನಮ್ಮನ್ನು ನಂಬಿದವರೇ ಅದರಿಂದ ಅಪಾಯಕ್ಕೆ ಸಿಲುಕುತ್ತಾರೆ.