ಕೂಗುದಿಬ್ಬ

ಟೈಗ್ರಿಸ್ ನದಿಯ ಪೂರ್ವ ದಡದಲ್ಲಿ ಒಂದು ಬೋಳು ದಿಬ್ಬವಿದೆ, ಹೆಸರು ಕೂಗುದಿಬ್ಬ. ದೂರದಿಂದ ಮಲಗಿದ ಕತ್ತೆಯ ಬೆನ್ನಿನ ಹಾಗೆ ಕಾಣುತ್ತದೆ. ಏದುಸಿರು ಬಿಟ್ಟು ಹತ್ತಿದರೂ ಸಿಗುವುದು ಮುಳ್ಳುಗಿಡ, ಗಾಳಿ, ಆಡಿನ ಹಿಕ್ಕೆ, ಅಷ್ಟೇ. ಹಿಂದೆ ಒಮ್ಮೆ ಈ ನದಿಯೇ ಗಡಿಯಾಗಿ, ಆ ದಡದ ರೋಮನರೂ ಈ ದಡದ ಪರ್ಷಿಯನ್ನರೂ ಕಾದಾಡುತ್ತಿದ್ದಾಗ, ಇಲ್ಲಿ ದೊಡ್ಡ ಬುಟ್ಟಿಗಳನ್ನು ಇಡುತ್ತಿದ್ದರು ಎನ್ನುತ್ತಾರೆ. ಯುದ್ಧಕ್ಕೆ ಹೊರಟ ಪ್ರತಿ ಪರ್ಷಿಯನ್ ಸೈನಿಕನೂ ತನ್ನ ಹೆಸರು ಕೆತ್ತಿದ ಒಂದು ಬಾಣವನ್ನು ಬುಟ್ಟಿಗೆ ಹಾಕಬೇಕು. ತಿರುಗಿ ಬಂದವನು ತೆಗೆದುಕೊಳ್ಳಬೇಕು. ಉಳಿದ ಬಾಣದವನು ಬರಲಿಲ್ಲ ಎಂದರ್ಥ.

ಆ ಪಡೆಯಲ್ಲಿ ಮಿಹ್ರಕ್ ಎಂಬ ಕಿಲಾಡಿಯಿದ್ದ. ಸೇನಾಪತಿಯ ಕುದುರೆಯ ಬಾಲಕ್ಕೇ ಗೆಜ್ಜೆ ಕಟ್ಟಿದ ಆಸಾಮಿ. ಅವನ ಜೀವದ ಗೆಳೆಯ ಅದುರ್ ಆ ಸಲ ರೋಮನರ ಕೈಗೆ ಸಿಕ್ಕಿಬಿದ್ದ. ಮಿಹ್ರಕ್ ಹಿಂತಿರುಗಿದಾಗ ಅದುರನ ತಾಯಿ ದೇನಗ್ ಬುಟ್ಟಿಯ ಪಕ್ಕದಲ್ಲೇ ನಿಂತಿದ್ದಳು. ಆ ಮುಖ ನೋಡಿ ಅವನಿಗೆ ನಿಜ ಹೇಳಲಾಗಲಿಲ್ಲ. ಹೇಗೂ ನಾಲ್ಕು ದಿನದಲ್ಲಿ ತಪ್ಪಿಸಿಕೊಂಡು ಬರುತ್ತಾನೆ ಅಂದುಕೊಂಡು, ಕೈಚಳಕದಲ್ಲಿ ತನ್ನದೂ ಅದುರನದೂ ಎರಡೂ ಬಾಣ ಎತ್ತಿಕೊಂಡ.

“ನನ್ನ ಮಗ ಎಲ್ಲೋ?”

“ಹಿಂದೆ ಕುಂಟು ಕುದುರೆಯ ಜೊತೆ ಬರ್ತಿದ್ದಾನೆ ದೊಡ್ಡಮ್ಮ. ಯಾರು ಯಾರನ್ನ ಹೊತ್ತಿದ್ದಾರೋ ಗೊತ್ತಿಲ್ಲ!”

“ನಿನ್ನ ಬಾಯಿಗಿಷ್ಟು ಮಣ್ಣು ಹಾಕ,” ಎಂದು ನಕ್ಕು ಆಕೆ ಅಡುಗೆಗೆ ಓಡಿದಳು.

ಮೂರನೆಯ ದಿನವೇ ಕದನವಿರಾಮವಾಯಿತು. “ಸೆರೆಸಿಕ್ಕ ನಿಮ್ಮವರ ಹೆಸರು ತಿಳಿಸಿ, ಅವರನ್ನು ಬಿಡುತ್ತೇವೆ,” ಎಂದು ರೋಮನರು ಹೇಳಿಕಳಿಸಿದರು. ಸೇನಾಪತಿ ಉಳಿದ ಬಾಣಗಳ ಹೆಸರನ್ನು ಓದಿಸಿ ಆ ದಡಕ್ಕೆ ಕಳಿಸಿದ. ಅದುರನ ಹೆಸರು ಎಲ್ಲಿಂದ ಬರಬೇಕು? ಮಿಹ್ರಕ್ ಅದುರನ ಬಾಣ ಹಿಡಿದು ಓಡಿಬಂದು ಕಾಲಿಗೆ ಬಿದ್ದ: “ತಪ್ಪು ನನ್ನದು ಒಡೆಯ, ಅದುರ್ ಅವರ ಹತ್ತಿರಾನೇ ಇದ್ದಾನೆ!” ಇದೂ ಅವನ ಕಿಲಾಡಿತನವೆಂದು ಸುತ್ತ ನಿಂತವರು ಹೊಟ್ಟೆ ಹಿಡಿದು ನಕ್ಕರು. “ಗೆಜ್ಜೆ ಸಾಲಲಿಲ್ಲವೇನೋ ನಿನಗೆ?” ಎಂದು ಸೇನಾಪತಿ ಅವನನ್ನು ಒದ್ದು ದೂಡಿದ. ವಿಷಯ ತಿಳಿದ ದೇನಗ್ ಬಂದು, ಮಗ ಮನೆಗೆ ಬಂದೇ ಇಲ್ಲವೆಂದು ಆಣೆಯಿಟ್ಟಾಗ ಎಲ್ಲರ ನಗು ನಿಂತಿತು. ಅಷ್ಟರಲ್ಲಿ ಆ ದಡದಲ್ಲಿ, ಯಾರೂ ಕೇಳದ ಸೆರೆಯಾಳುಗಳನ್ನು ಸರಪಳಿ ಬಿಗಿದು ಪಡುವಣಕ್ಕೆ ಹೊರಡಿಸಿಯಾಗಿತ್ತು. ಆಕೆ ದಿಬ್ಬದ ತುದಿಗೆ ಓಡಿ ಮಗನ ಹೆಸರು ಹಿಡಿದು ಕೂಗಿದಳು. ಸಾಲಿನಲ್ಲಿ ಒಂದು ಕೈ ಮೇಲಕ್ಕೆದ್ದಿತು. ಸರಪಳಿ ಎಳೆದಾಗ ಕೆಳಗಿಳಿಯಿತು. ಆಮೇಲೆ ಬದುಕಿರುವವರೆಗೂ ಆಕೆ ಅಲ್ಲೇ ಕೂತು ಕೂಗಿದಳು. ಗಂಟಲು ಬಿದ್ದುಹೋದ ದಿನಗಳಲ್ಲಿ ಮಿಹ್ರಕ್ ಕೂಗಿದ. ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಲಿಲ್ಲ ಎನ್ನುತ್ತಾರೆ.

ಈಗಲೂ ಹೋದವರಿಗೆ ತುದಿಯ ಬಂಡೆಯಲ್ಲಿ ಕೂತು ಕೂತು ಸವೆದ ಎರಡು ಗುಳಿಗಳು ಕಾಣುತ್ತವೆ. ನಡುವೆ ಸರಿಯಾಗಿ ಒಬ್ಬ ಕೂರುವಷ್ಟು ಜಾಗ. ತಮಾಷೆಗೆಂದು ಅಲ್ಲಿ ಕೂರಲು ಹೋದವರುಂಟು, ಕೂತವರಿಲ್ಲ.