ಕುಂಕುಮ ಮೆತ್ತಿದ ಕೀಲಿಕೈ

ಹಾಲಪ್ಪನವರ ಹಳೇ ಕಾರಿನ ಕೀಲಿಕೈ ಅಂದು ಇಗ್ನಿಷನ್ ಸ್ವಿಚ್ಚಿನೊಳಗೆ ಹೋಯಿತೇ ಹೊರತು, ಎಷ್ಟು ತಿಣುಕಿದರೂ ತಿರುಗಲಿಲ್ಲ. ಹಾಲಪ್ಪನವರು ಬೆವರು ಒರೆಸಿಕೊಂಡು, ಇಕ್ಕಳ ತರಲು ಡಿಕ್ಕಿಯತ್ತ ಹೋದರು. ಕೀಲಿಕೈಗೆ ಜೀವ ಬಾಯಿಗೆ ಬಂದಂತಾಯಿತು. ಇಕ್ಕಳ ಹಿಡಿದು ತಿರುಚಿದರೆ ಮುರಿಯುವುದು ತನ್ನ ಸೊಂಟವೇ ಎಂದು ಅದಕ್ಕೆ ಗೊತ್ತಿತ್ತು.

“ಅಣ್ಣಾ, ನಿನ್ನ ಕಾಲಿಗೆ ಬೀಳುತ್ತೇನೆ, ಹಟ ಬಿಡು,” ಎಂದು ಸ್ವಿಚ್ಚನ್ನು ಬೇಡಿಕೊಂಡಿತು.

“ಹಟವಲ್ಲ ತಮ್ಮಾ, ನನ್ನ ಗಂಟಲು ಕಟ್ಟಿದೆ,” ಎಂದಿತು ಸ್ವಿಚ್ಚು. “ಪ್ರತಿ ಆಯುಧಪೂಜೆಗೂ ನೀನು ಮೈತುಂಬ ಕುಂಕುಮ ಮೆತ್ತಿಸಿಕೊಂಡು, ಒರೆಸಿಕೊಳ್ಳದೆ ಹಾಗೇ ಒಳಗೆ ಬರುತ್ತೀಯ. ಅದೆಲ್ಲ ಎಣ್ಣೆಯಲ್ಲಿ ಕಲೆತು ಇಲ್ಲಿ ಗಟ್ಟಿಯಾಗಿ ಕೂತಿದೆ. ಈಗಲಾದರೂ ಹೊರಗೆ ಜಾರಿ ಬೀಳು. ನಿನ್ನ ಹಲ್ಲಿನ ಕೆಂಪು ಕಂಡರೆ ಯಜಮಾನರಿಗೆ ಅರ್ಥವಾಗುತ್ತದೆ. ಇಬ್ಬರನ್ನೂ ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ.”

“ಕುಂಕುಮ ತೊಳೆಸಿಕೊಳ್ಳುವುದೇ? ಬಿಡ್ತು ಅನ್ನು!” ಕೀಲಿಕೈ ನಡುಗಿತು. “ಇಷ್ಟು ವರ್ಷ ನನ್ನನ್ನು ಕಾಪಾಡಿದ್ದೇ ಅದು.”

ಅಷ್ಟರಲ್ಲಿ ಇಕ್ಕಳ ಬಂತು. “ಮಾತು ಸಾಕು. ನಾನು ಹಿಡಿದದ್ದು ತಿರುಗಲೇಬೇಕು,” ಎಂದು ಕೀಲಿಕೈಯ ತಲೆಯನ್ನು ಕಚ್ಚಿ ಹಿಡಿಯಿತು.

“ತಡಿ, ತಡಿ! ತೊಳೆಸಿಕೊಳ್ಳುತ್ತೇನೆ!” ಎಂದು ಕೀಲಿಕೈ ಕೂಗುವಷ್ಟರಲ್ಲಿ ಲಟಕ್ಕನೆ ಸದ್ದಾಯಿತು.

ಹಾಲಪ್ಪನವರು ಇಕ್ಕಳದಲ್ಲಿ ಉಳಿದ ತುಂಡನ್ನು ನೋಡಿ ಹಣೆ ಚಚ್ಚಿಕೊಂಡರು. “ಒಂದು ವರ್ಷವೂ ಪೂಜೆ ತಪ್ಪಿಸಿಲ್ಲವಲ್ಲ, ಹೀಗ್ಯಾಕಾಯಿತು?”

ಸ್ವಿಚ್ಚಿಗೆ ಉತ್ತರ ಗೊತ್ತಿತ್ತು. ಆದರೆ ಅದರ ಬಾಯಲ್ಲಿ ಮುರಿದ ಕೀಲಿಕೈ ಸಿಕ್ಕಿಕೊಂಡಿತ್ತು.